ಆ ಗೆರೆಗಳನ್ನು ಉಜ್ಜಬೇಡಿ ಮೇಡಂ

ಮೇಡಂ, ಹತ್ತೊಂಬತ್ತನೇ ಶತಮಾನದ ಚಿತ್ರಕಾರ ಸೆಗಂತೀನಿಯ ‘ಆಲ್ಪ್ಸ್‌ನಲ್ಲಿ ಮಧ್ಯಾಹ್ನ’ ನೋಡಿ ನೀವು ಮಾಡುತ್ತಿರುವ ಕಾಪಿಯ ಫೋಟೋ ನೋಡಿದೆ. ಎಷ್ಟು ಮಾಡಿದರೂ ಹುಲ್ಲು ಮಂಕಾಗುತ್ತಿದೆ, ಫ್ಯಾನ್ ಬ್ರಷ್‌ನಲ್ಲಿ ಇನ್ನೊಂದು ಸಲ ಬ್ಲೆಂಡ್ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ಆ ಫ್ಯಾನ್ ಬ್ರಷ್ ಎತ್ತಿಡಿ. ಫೋಟೋ ಕೆಳಗೆ ಆಗಲೇ ಮೂರು ಜನ ‘ಸೂಪರ್, ಇನ್ನೂ ಸ್ವಲ್ಪ ಸ್ಮೂತ್ ಮಾಡಿ’ ಅಂತ ಬರೆದಿದ್ದಾರೆ. ಅದನ್ನು ನೋಡಿಯೇ ನಾನು ಬರೆಯಲು ಕೂತಿದ್ದು.

ಇದೇ ಚಿತ್ರದಲ್ಲಿ ಇದೇ ತಪ್ಪನ್ನು ನಾನೂ ಮಾಡಿದ್ದೆ. ಎರಡಡಿ ಅಗಲದ ಕ್ಯಾನ್ವಾಸ್, ಆರು ಭಾನುವಾರ. ನೀಲಿ ಬಟ್ಟೆಯ ಕುರಿ ಕಾಯುವ ಹುಡುಗಿ ಚೆನ್ನಾಗೇ ಬಂದಳು. ಹುಲ್ಲಿಗೆ ಬಂದಾಗ ಹಸಿರು ಗೆರೆ, ಪಕ್ಕದಲ್ಲಿ ಕೆಂಪು, ನಡುವೆ ಹಳದಿ, ಎಲ್ಲ ಶ್ರದ್ಧೆಯಿಂದ ಎಳೆದೆ. ಗೆರೆಗಳು ಕಣ್ಣಿಗೆ ಚುಚ್ಚುತ್ತಿವೆ ಅನ್ನಿಸಿತು. ಒಣಗುವ ಮೊದಲೇ ಮೆತ್ತನೆ ಬ್ರಷ್ ತಗೊಂಡು ಮೇಲಿಂದ ಸವರಿದೆ. ಕೆಂಪು ಹಸಿರು ಕಲಸಿದರೆ ಏನಾಗುತ್ತೆ? ಕಂದು. ಬೆಳಿಗ್ಗೆ ಮನೆಯಾಕೆ ನೋಡಿ, ‘ಇದು ಹುಲ್ಲುಗಾವಲಾ, ಸಗಣಿ ಸಾರಿಸಿದ ಅಂಗಳಾನಾ?’ ಅಂದಳು. ಮೇಲೆ ಹಳದಿ ಹಾಕಿದೆ, ಬಿಳಿ ಹಾಕಿದೆ. ಅಂಗಳ ಒಣಗಿತು ಅಷ್ಟೇ, ಹುಲ್ಲು ಹುಟ್ಟಲಿಲ್ಲ.

ಆಮೇಲೆ ಗೊತ್ತಾಯಿತು, ತಪ್ಪು ಶುರುವಾಗಿದ್ದು ಬ್ರಷ್‌ನಿಂದ ಅಲ್ಲ, ಬಿಳಿ ಕ್ಯಾನ್ವಾಸ್‌ನಿಂದ. ಗೆರೆಗಳ ಸಂದಿಯಲ್ಲಿ ಬಿಳಿ ಇಣುಕುತ್ತಿರುತ್ತದೆ. ಅದಕ್ಕೇ ಒರಟಾಗಿ ಕಾಣುತ್ತದೆ, ಅದಕ್ಕೇ ಕೈ ಉಜ್ಜಲು ಹೋಗುತ್ತದೆ. ಸೆಗಂತೀನಿ ತನ್ನ ವಿಧಾನವನ್ನು ತಾನೇ ಬರೆದಿಟ್ಟಿದ್ದಾನೆ. ಮೊದಲು ಕ್ಯಾನ್ವಾಸ್‌ಗೆ ಪೂರ್ತಿ ಕೆಮ್ಮಣ್ಣಿನ ಬಣ್ಣ. ಅದರ ಮೇಲೆ ಸಣ್ಣ, ದಪ್ಪ ಬಣ್ಣದ ಗೆರೆಗಳು, ಪ್ರತಿ ಗೆರೆಯ ನಡುವೆ ಸಂದಿ. ಆ ಸಂದಿಗೆ ವಿರುದ್ಧ ಬಣ್ಣ (ಹಸಿರಿಗೆ ಕೆಂಪಿನ ಹಾಗೆ), ಮೊದಲ ಗೆರೆ ಹಸಿ ಇರುವಾಗಲೇ. ಈ ‘ಹಸಿ ಇರುವಾಗಲೇ’ ಅನ್ನುವಲ್ಲೇ ಎಲ್ಲರೂ ಎಡವುವುದು. ಅಂಚಿಗೆ ಅಂಚು ತಾಗಲಿ ಅಂತ ಅದರ ಅರ್ಥ, ಕಲಸಿ ಅಂತ ಅಲ್ಲ. ಬೆರೆಸುವ ಕೆಲಸ ದೂರ ನಿಂತು ನೋಡುವ ಕಣ್ಣಿನದು. ಪ್ಯಾಲೆಟ್ ಮೇಲೆ ಬೆರೆಸುತ್ತಾ ಹೋದರೆ ಕಪ್ಪಿನ ಕಡೆಗೇ ಹೋಗುತ್ತೀರಿ ಅಂತಲೂ ಹೇಳಿದ್ದಾನೆ. ನಾವು ಅದನ್ನು ಕ್ಯಾನ್ವಾಸ್ ಮೇಲೇ ಮಾಡಿ ತೋರಿಸಿದೆವು.

ನಾನು ಈಗ ಮಾಡುವುದು ಹೀಗೆ. ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಅಕ್ರಿಲಿಕ್, ನೀರು ಸೇರಿಸಿ ತೆಳ್ಳಗೆ ಒಂದು ಕೋಟ್. ಬೇಸ್‌ಗೆ ಕ್ಯಾಮೆಲ್ ಕಂಪನಿಯದು ಸಾಕು, ದುಡ್ಡು ಸುರಿಯಬೇಡಿ. ಚೆನ್ನಾಗಿ ಒಣಗಿದ ಮೇಲೆ ಆಯಿಲ್. ಅಕ್ರಿಲಿಕ್ ಮೇಲೆ ಆಯಿಲ್ ನಡೆಯುತ್ತದೆ, ಆಯಿಲ್ ಮೇಲೆ ಅಕ್ರಿಲಿಕ್ ಹಾಕಿದರೆ ಹಿಡಿಯಲ್ಲ, ಸಿಪ್ಪೆಯಂತೆ ಏಳುತ್ತದೆ. ಗೆರೆಗೆ ಎರಡನೇ ನಂಬರಿನ ಹಾಗ್ ಬ್ರಷ್ (ಹಂದಿ ಕೂದಲಿನದು), ಬಣ್ಣಕ್ಕೊಂದರಂತೆ ಮೂರು. ಒಂದು ಗೆರೆ, ಬಟ್ಟೆಯಲ್ಲಿ ಒರೆಸು, ಇನ್ನೊಂದು ಗೆರೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಲಿನ್‌ಸೀಡ್ ಎಣ್ಣೆ ಸುರಿಯಬೇಡಿ. ಬಣ್ಣ ಹರಿದು ಸಂದಿ ತಾನೇ ಮುಚ್ಚುತ್ತದೆ, ಮಳೆಗಾಲದಲ್ಲಂತೂ ವಾರಗಟ್ಟಲೆ ಒಣಗಲ್ಲ.

ಗೆರೆಯ ಬಣ್ಣಕ್ಕೆ ಮಾತ್ರ ಜಿಪುಣತನ ಬೇಡ. ನನಗೆ ವಿನ್ಸರ್ ಆ್ಯಂಡ್ ನ್ಯೂಟನ್‌ನ ವಿಂಟನ್ ಆಯಿಲ್ ಬಣ್ಣ ಹೊಂದುತ್ತದೆ. ಯಾವ ಕಂಪನಿಯದಾದರೂ ಟ್ಯೂಬ್ ಹಿಂದೆ ಪಿಗ್ಮೆಂಟ್ ಕೋಡ್, ಅಂದರೆ ಒಳಗಿರುವ ಬಣ್ಣದ ಪುಡಿಯ ಗುರುತು, ನೋಡಿ ತಗೊಳ್ಳಿ. ಒಂದೇ ಕೋಡ್ ಇರಲಿ, ಅಲ್ಟ್ರಾಮರೀನ್ ಅಂದರೆ ಪಿಬಿ 29 ಹಾಗೆ. ಮೂರು ಕೋಡ್ ಇರುವ ಸ್ಯಾಪ್ ಗ್ರೀನ್ ಟ್ಯೂಬ್‌ನಲ್ಲೇ ಅರ್ಧ ಕಲಸಿ ಬಂದಿರುತ್ತದೆ. ಟೈಟೇನಿಯಂ ವೈಟ್ ಕಡಿಮೆ ಬಳಸಿ. ಸೆಗಂತೀನಿಯ ಕಾಲದಲ್ಲಿ ಅದು ಇರಲೇ ಇಲ್ಲ, ಒಂದು ಚೂರು ಬಿದ್ದರೆ ಎಲ್ಲ ಸುಣ್ಣ ಬಳಿದಂತೆ. ಹಾಗಂತ ಪೂರ್ತಿ ಜಿಂಕ್ ವೈಟ್‌ಗೆ ಹೋಗಬೇಡಿ, ಅದು ಒಣಗಿ ಬಿರುಕು ಬಿಡುತ್ತದೆ.

ಕೆಳಗೆ ಒಬ್ಬರು ಚುಕ್ಕೆ ಇಡಿ ಅಂದಿದ್ದಾರಲ್ಲ, ಅದು ಫ್ರಾನ್ಸಿನ ಚಿತ್ರಕಾರ ಸೊರಾನ ದಾರಿ. ಸೆಗಂತೀನಿಯದು ದಾರದಂಥ ಉದ್ದ ಗೆರೆ. ಹುಲ್ಲಿನ ಗೆರೆ ಮೇಲಕ್ಕೆ ಎದ್ದಿರುತ್ತದೆ, ಬಂಡೆಯದು ಬಂಡೆ ಬಾಗಿದ ಕಡೆಗೆ, ಕುರಿಯದು ಉಣ್ಣೆ ಬೆಳೆದ ಕಡೆಗೆ. ನಿಮ್ಮ ಚಿತ್ರದ ಬಲಮೂಲೆಯ ಕುರಿ ನೋಡಿ. ಅದನ್ನು ನೀವು ಉಜ್ಜಿಲ್ಲ, ಅಲ್ವಾ? ಅದೊಂದೇ ಬಿಸಿಲಲ್ಲಿ ನಿಂತಿದೆ.

ಹಿಂದಿನ ಬೆಟ್ಟಗಳನ್ನೂ ನೀಲಿ ಮಂಜಿನಂತೆ ಮಾಡಿದ್ದೀರಿ. ಅದು ನಮ್ಮ ಮಲೆನಾಡು. ಅವನು 1886ರಿಂದ ಸ್ವಿಟ್ಜರ್ಲೆಂಡಿನ ಸವೊನ್ಯಿನ್‌ನಲ್ಲಿದ್ದ. ಈ ಚಿತ್ರ ಅಲ್ಲಿದ್ದಾಗ, 1891ರಲ್ಲಿ ಆಗಿದ್ದು. 1894ರಲ್ಲಿ ಇನ್ನೂ ಮೇಲೆ, ಮಲೋಯಕ್ಕೆ ಹೋದ. ಅದು ಸುಮಾರು 1800 ಮೀಟರ್, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ಎತ್ತರ. ಆದರೆ ಆ ಎರಡೂ ಊರುಗಳಲ್ಲಿ ಗಾಳಿ ಒಣ, ದೂರದ ಬಂಡೆಯೂ ಹತ್ತಿರದ್ದರಷ್ಟೇ ಚೂಪು. ದೂರ ಅಂತ ಮಸುಕು ಮಾಡಲೇಬೇಕು ಅನ್ನುವ ನಿಯಮ ಇಲ್ಲಿ ನಡೆಯಲ್ಲ.

ಕ್ಯಾನ್ವಾಸ್ ಹಾಳಾಯಿತು ಅಂತ ಕೊರಗಬೇಡಿ. ಅವನೂ ಒಂದೇ ಚಿತ್ರವನ್ನು ಎರಡು ಸಲ ಮಾಡಿದವನೇ. ದೋಣಿಯಲ್ಲಿ ಕುರಿಗಳನ್ನು ದಾಟಿಸುವ ‘ಆವೆ ಮರಿಯಾ’ ಮೊದಲು ಮಾಡಿದ್ದು 1882ರಲ್ಲಿ, ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚಿನ್ನದ ಪದಕ ಬಂತು. ಪದಕ ಬಂದ ಚಿತ್ರವನ್ನು ಯಾರಾದರೂ ಮತ್ತೆ ಮಾಡುತ್ತಾರಾ? ಅವನ ಚಿತ್ರ ಮಾರುತ್ತಿದ್ದ ವಿತ್ತೋರೆ ಗ್ರುಬಿಸಿಯ ಮಾತು ಕೇಳಿ 1886ರಲ್ಲಿ ಬಿಡಿ ಗೆರೆಗಳಲ್ಲಿ ಮತ್ತೆ ಮಾಡಿದ. ತಾಯಿ ಇಲ್ಲದೆ ಮಿಲಾನ್ ಬೀದಿಯಲ್ಲಿ ಅಲೆದು, ಬಾಲಾಪರಾಧಿಗಳ ಶಾಲೆ ಸೇರಿದ್ದ ಹುಡುಗ ಅವನು. ಕೊನೆಯವರೆಗೂ ಯಾವ ದೇಶದ ಪಾಸ್‌ಪೋರ್ಟೂ ಇರಲಿಲ್ಲ. 1899ರ ಸೆಪ್ಟೆಂಬರ್‌ನಲ್ಲಿ ಷಾಫ್‌ಬೆರ್ಗ್ ಬೆಟ್ಟದ ಮೇಲೆ, ನಾಲ್ಕು ಮೀಟರ್ ಅಗಲದ ‘ಪ್ರಕೃತಿ’ ಬರೆಯುತ್ತಿದ್ದಾಗಲೇ ಹೊಟ್ಟೆಯ ಸೋಂಕಿನಿಂದ ಹೋದ. 41 ವರ್ಷ. ಆ ಚಿತ್ರ ಈಗ ಸೇಂಟ್ ಮೊರಿಟ್ಸ್‌ನಲ್ಲಿ ಅವನದೇ ಹೆಸರಿನ ಮ್ಯೂಸಿಯಂನಲ್ಲಿದೆ.

ಈಗ ನಿಮ್ಮ ಕೆಲಸ. ಹುಲ್ಲಿನ ಭಾಗ ಇನ್ನೂ ಹಸಿ ಇದ್ದರೆ ಪ್ಯಾಲೆಟ್ ನೈಫ್‌ನಲ್ಲಿ ಕೆರೆದು ಬಟ್ಟೆಯಲ್ಲಿ ಒರೆಸಿ. ಉಳಿಯುವ ಕಂದು ಕಲೆಯೇ ನಿಮಗೆ ಪುಕ್ಕಟೆ ಬೇಸ್. ಒಣಗಿದ ಮೇಲೆ ಅಂಗೈಯಗಲ ಜಾಗದಲ್ಲಿ ಮಾತ್ರ ಗೆರೆ ಎಳೆದು, ಎಂಟು ಹೆಜ್ಜೆ ಹಿಂದೆ ಹೋಗಿ ನೋಡಿ. ಕುರಿಗೆ ಕೈ ಹಾಕಬೇಡಿ. ಮುಂದಿನ ಫೋಟೋ ಹಗಲು ಬೆಳಕಲ್ಲಿ ತೆಗೆದು ಹಾಕಿ, ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಕೆಂಪು ಎಲ್ಲಿ ಹೋಯಿತು ಅಂತ ನಮಗೂ ಗೊತ್ತಾಗಲ್ಲ.