ತಾಯಿಗೆ ಬಸಿರಿನಲ್ಲಿ ಪೋಷಣೆ ಸಾಲದಿದ್ದರೆ, ಮಗುವಿಗೆ ದೊಡ್ಡದಾದ ಮೇಲೆ ಬಿಪಿ, ಸಕ್ಕರೆ ಕಾಯಿಲೆ ಬರುವುದು ಹೇಗೆ?
ಅಂಗಾಂಗಗಳು ರೂಪುಗೊಳ್ಳುವ ಕಾಲ ಒಮ್ಮೆ ದಾಟಿದರೆ ಮತ್ತೆ ಬರುವುದಿಲ್ಲ, ಅದಕ್ಕೇ. ಮೂತ್ರಪಿಂಡವನ್ನೇ ನೋಡಿ: ರಕ್ತ ಸೋಸುವ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳು ಹುಟ್ಟುವುದು ಗರ್ಭದ ಸುಮಾರು 36ನೇ ವಾರದವರೆಗೆ ಮಾತ್ರ. ಪೋಷಣೆ ಸಾಲದೆ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಇವು ಸಾಮಾನ್ಯವಾಗಿ ಕಡಿಮೆ. ಇರುವಷ್ಟೇ ಜೀವನಪೂರ್ತಿ ಹೆಚ್ಚು ದುಡಿಯಬೇಕು, ಹಾಗಾಗಿ ಬಿಪಿ ಏರುವ ಅಪಾಯ ಹೆಚ್ಚು. ಸಕ್ಕರೆಗೂ ಪುರಾವೆಯಿದೆ: ನೆದರ್ಲೆಂಡ್ಸ್‌ನ 1944–45ರ ಕ್ಷಾಮದಲ್ಲಿ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಸಕ್ಕರೆ ನಿಭಾಯಿಸುವ ಶಕ್ತಿ ಕುಂದಿದ್ದು ಕಂಡುಬಂತು.

ತಾಯಿಯನ್ನೂ ಮರೆಯಬಾರದು. ಬಸಿರಿನಲ್ಲಿ ಸಕ್ಕರೆ ಏರಿದ್ದರೆ, ಹೆರಿಗೆಯ ನಂತರ ಇಳಿದರೂ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಹೆಚ್ಚೇ ಇರುತ್ತದೆ. ಹೆರಿಗೆಯಾಗಿ 12 ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಕೂಸಿನ ಆರೈಕೆಯ ಗಡಿಬಿಡಿಯಲ್ಲಿ ಎಷ್ಟೋ ತಾಯಂದಿರಿಗೆ ಇದೇ ತಪ್ಪಿಹೋಗುತ್ತದೆ.