ಗಿಡದ ಬುಡಕ್ಕೆ ನಿಂಬೆರಸ ಸುರಿಯಬಹುದಾ?

ಪ್ರಶ್ನೆ: ಬೇರುಗಳು ಸಿಟ್ರಿಕ್ ಆಮ್ಲ ಬಿಟ್ಟು ಮಣ್ಣಿನ ರಂಜಕವನ್ನು ಕರಗಿಸಿಕೊಳ್ಳುತ್ತವೆ ಎಂದು ಓದಿದೆ. ನಿಂಬೆಹಣ್ಣಿನಲ್ಲಿರುವುದೂ ಅದೇ ಅಲ್ವಾ? ಹಾಗಾದರೆ ಗಿಡದ ಬುಡಕ್ಕೆ ನಾವೇ ನಿಂಬೆರಸ ಸುರಿಯಬಹುದೇ?

ಉತ್ತರ: ನೀವು ಓದಿದ್ದು ಸರಿ. ಆದರೆ ಸುರಿಯಬೇಡಿ.

ಎಷ್ಟೋ ಮಣ್ಣುಗಳಲ್ಲಿ ರಂಜಕ ಸಾಕಷ್ಟು ಇರುತ್ತದೆ, ಗಿಡದ ಕೈಗೆ ಮಾತ್ರ ಸಿಗುವುದಿಲ್ಲ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟಿರುತ್ತವೆ. ಸುಣ್ಣದ ಮಣ್ಣಿನಲ್ಲಿ ಆ ಕೆಲಸ ಕ್ಯಾಲ್ಸಿಯಂನದ್ದು. ಬೇರಿನಿಂದ ಬಂದ ಸಿಟ್ರೇಟ್ (ಸಿಟ್ರಿಕ್ ಆಮ್ಲದ್ದೇ ಒಂದು ರೂಪ), ಅದರಂಥವೇ ಆದ ಮ್ಯಾಲೇಟ್, ಆಕ್ಸಲೇಟ್‌ಗಳು ಈ ಲೋಹಗಳಿಗೆ ತಾವೇ ಅಂಟಿಕೊಂಡು ರಂಜಕವನ್ನು ಬಿಡಿಸುತ್ತವೆ. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಬಿಟ್ಟು ಕಬ್ಬಿಣದ ಹಿಡಿತದಿಂದಲೇ ರಂಜಕ ಕಿತ್ತುಕೊಳ್ಳುತ್ತದೆ. ಗೋಧಿಯ ಕೆಲವು ತಳಿಗಳು ಮ್ಯಾಲೇಟ್ ಬಿಡುವುದು ಊಟಕ್ಕಲ್ಲ, ಅಲ್ಯೂಮಿನಿಯಂನ ವಿಷದಿಂದ ಬೇರಿನ ತುದಿಯನ್ನು ಕಾಯ್ದುಕೊಳ್ಳಲು.

ನಿಜ ಹೇಳಬೇಕೆಂದರೆ 'ಆಮ್ಲ' ಎಂಬ ಪದವೇ ಇಲ್ಲಿ ಗೊಂದಲ ಮಾಡುತ್ತದೆ. ಬೇರಿನ ಜೀವಕೋಶದೊಳಗಿನ ರಸದ ಪಿಎಚ್ (ಹುಳಿಯ ಅಳತೆ) 7ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಹುಳಿಯೇ ಇಲ್ಲ. ಅಲ್ಲಿ ಸಿಟ್ರಿಕ್ ಆಮ್ಲ ಹುಳಿಯಾಗಿ ಉಳಿಯುವುದಿಲ್ಲ, ಹುಳಿಗೆ ಕಾರಣವಾದ ಪ್ರೋಟಾನ್ (ಹೈಡ್ರೋಜನ್ ಅಯಾನು) ಕಳೆದುಕೊಂಡು ಸಿಟ್ರೇಟ್ ಆಗಿರುತ್ತದೆ. ಅದು ಹೊರಬರುವ ಬಾಗಿಲೇ ಬೇರೆ, ಪ್ರೋಟಾನ್ ಹೊರಹಾಕುವ ಪಂಪ್ ಬೇರೆ. ಬೇರಿನ ಸುತ್ತ ಹುಳಿ ಹೆಚ್ಚುವುದು ಮುಖ್ಯವಾಗಿ ಆ ಪಂಪ್‌ನಿಂದ. ಅದೂ ಉಪಯೋಗದ್ದೇ, ಸುಣ್ಣದ ಮಣ್ಣಿನಲ್ಲಂತೂ ಬಹಳ. ಆದರೆ ಸಿಟ್ರೇಟ್‌ನ ಬಲ ಇರುವುದು ಹುಳಿಯಲ್ಲಲ್ಲ, ಹಿಡಿತದಲ್ಲಿ.

ಇನ್ನು ನಿಮ್ಮ ನಿಂಬೆರಸ. ಸಿಟ್ರೇಟ್ ಅಂದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹಬ್ಬ. ಸುಮ್ನೆ ಎಲ್ಲೆಡೆ ಚೆಲ್ಲಿದರೆ ಬಹುಪಾಲು ಬೇಗನೆ ಅವುಗಳ ಪಾಲಾಗುತ್ತದೆ. ಜಾಸ್ತಿ ಸುರಿದರೆ ಎಳೆ ಬೇರುಗಳೇ ಸುಟ್ಟಾವು. ರಂಜಕ ಮಣ್ಣಿನಲ್ಲಿ ತೀರಾ ನಿಧಾನವಾಗಿ ಸರಿಯುತ್ತದೆ. ಬೇರಿನಿಂದ ಒಂದೆರಡು ಮಿಲಿಮೀಟರ್ ಆಚೆ ಬಿಡುಗಡೆಯಾದದ್ದು ಬೇರಿಗೆ ದೂರವೇ.

ಬಿಳಿ ಲ್ಯೂಪಿನ್ ಎಂಬ ದ್ವಿದಳ ಧಾನ್ಯದ ಗಿಡ ಮಾಡುವುದನ್ನು ನೋಡಿ. ರಂಜಕ ಸಾಲದಾದಾಗ ಅದು ಬಾಟಲಿ ತೊಳೆಯುವ ಬ್ರಷ್‌ನಂಥ ಬೇರಿನ ಗೊಂಚಲು ಬಿಡುತ್ತದೆ. ಆ ಗೊಂಚಲು ಬಲಿತ ಮೇಲೆ ಕೆಲವೇ ದಿನ ಸಿಟ್ರೇಟನ್ನು ಒಮ್ಮೆಲೇ ಸುರಿಸುತ್ತದೆ, ಅಷ್ಟು ಪುಟ್ಟ ಜಾಗದಲ್ಲಿ. ಸೂಕ್ಷ್ಮಜೀವಿಗಳು ತಿಂದು ಮುಗಿಸುವಷ್ಟರಲ್ಲಿ ಕೆಲಸ ಆಗಿರುತ್ತದೆ. ರಂಜಕದ ಗೊಬ್ಬರ ಧಾರಾಳವಾಗಿ ಸಿಕ್ಕರೆ ಇದೇ ಗಿಡ ಗೊಂಚಲು ಬಿಡುವುದನ್ನೇ ಕಡಿಮೆ ಮಾಡುತ್ತದೆ.