ಓದುಗರ ಪ್ರಶ್ನೆ: ಗ್ಯಾಸ್ ತೊಟ್ಟಿಯಲ್ಲಿ ಮನೆ, ಹೆಂಚಿನ ಕಾರ್ಖಾನೆಯಲ್ಲಿ ವಾಸ

ಪ್ರಶ್ನೆ: ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಹಳೆಯ ಗ್ಯಾಸ್ ಹೋಲ್ಡರ್‌ಗಳೊಳಗೆ ಫ್ಲ್ಯಾಟ್ ಕಟ್ಟಿದ್ದಾರಲ್ಲ, 19ನೇ ಶತಮಾನದ ಕಬ್ಬಿಣ ಅಷ್ಟು ಮಹಡಿಗಳನ್ನು ಹೇಗೆ ಹೊರುತ್ತದೆ?

ಉತ್ತರ: ಹೊರುವುದೇ ಇಲ್ಲ. ಅಲ್ಲಿ ಗ್ಯಾಸ್ ತುಂಬುತ್ತಿದ್ದದ್ದು ನೀರಿನ ತೊಟ್ಟಿಯಲ್ಲಿ ಬೋರಲಾಗಿ ತೇಲುವ ದೊಡ್ಡ ಡ್ರಮ್ಮಿಗೆ. ಗ್ಯಾಸ್ ತುಂಬಿದರೆ ಅದು ಮೇಲೇರುತ್ತದೆ, ಖರ್ಚಾದರೆ ಇಳಿಯುತ್ತದೆ. ಸುತ್ತಲಿನ ಕಂಬಗಳ ಕೆಲಸ ಅದು ವಾಲದಂತೆ ದಾರಿ ತೋರಿಸುವುದಷ್ಟೆ. ಹಾಗಾಗಿ ಅವುಗಳೊಳಗೆ ಸ್ವಂತ ಅಡಿಪಾಯದ ಬೇರೆ ಕಟ್ಟಡಗಳನ್ನೇ ನಿಲ್ಲಿಸಿ 145 ಮನೆ ಮಾಡಿದ್ದಾರೆ. ಮೂರು ಗ್ಯಾಸ್ ಹೋಲ್ಡರ್‌ಗಳೊಳಗಿನ ಮೂರು ಕಟ್ಟಡಗಳಿಗೂ ಬೇರೆ ಬೇರೆ ಎತ್ತರ: ಡ್ರಮ್ಮುಗಳ ಏರಿಳಿತದ ನೆನಪಿಗೆ.

ಕಷ್ಟವೆಲ್ಲ ಆ ಚೌಕಟ್ಟಿನದು. ಒಂದಕ್ಕೊಂದು ಹೆಣೆದುಕೊಂಡ ಮೂರು ವೃತ್ತ, 123 ಕಂಬ. 2001ರಲ್ಲಿ ರೈಲು ಮಾರ್ಗಕ್ಕಾಗಿ ಕಳಚಿ, ಯಾರ್ಕ್‌ಶೈರಿನಲ್ಲಿ ದುರಸ್ತಿ ಮಾಡಿಸಿ, ಪಕ್ಕದ ಕಾಲುವೆಯ ಆಚೆ ದಡದಲ್ಲಿ ಮತ್ತೆ ಜೋಡಿಸಿದರು. ಎರಕದ ಕಬ್ಬಿಣ ಒತ್ತಿದರೆ ಗಟ್ಟಿ, ಎಳೆದರೆ ಬಿರುಕು. ಸಾಮಾನ್ಯ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಬಿರುಕಿನುದ್ದಕ್ಕೂ ಲೋಹದ ಹೊಲಿಗೆ (ಅಡ್ಡಲಾಗಿ ಲೋಹದ ತುಂಡು ಕೂರಿಸಿ ಬಿಗಿಯುವುದು) ಹಾಕಬೇಕು, ಇಲ್ಲವೇ ಹೊಸದಾಗಿ ಎರಕ ಹೊಯ್ಯಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಒಣಗಿದ್ದಂತೆಯೇ ಉಜ್ಜುವುದು ಅಪಾಯ. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸಿದ ಜಾಗವಾದರೆ ಮಣ್ಣಿನಲ್ಲಿ ಟಾರು, ಸಯನೈಡ್ ಉಳಿದಿರಬಹುದು. ಮಣ್ಣು ಪರೀಕ್ಷೆಗೆ ಮೊದಲು ನಕ್ಷೆ ಬರೆಸುವುದು ದುಡ್ಡು ದಂಡ.

ವಾಸಕ್ಕೆ ಹೇಗೆ ಎಂದರೆ, ಪ್ರತಿ ಮನೆಯೂ ಕೇಕಿನ ತುಂಡಿನ ಆಕಾರ. ಅಗಲದ ಹೊರಬದಿಗೆ ಕೋಣೆ, ಕಿರಿದಾದ ಒಳಬದಿಗೆ ಬಚ್ಚಲು ಇಟ್ಟರೆ ಸರಿಹೋಗುತ್ತದೆ. ರೆಡಿಮೇಡ್ ಬೀರು ಮಾತ್ರ ಯಾವ ಮೂಲೆಗೂ ಒಪ್ಪದು!

ಪ್ರಶ್ನೆ: ಮಂಗಳೂರು ಬಳಿ ಮುಚ್ಚಿದ ಹೆಂಚಿನ ಕಾರ್ಖಾನೆ ನಮ್ಮ ಕುಟುಂಬದ್ದು. ಮನೆ ಮಾಡಬಹುದೇ?

ಉತ್ತರ: ಮೊದಲು ಕಾಗದ. ಯೋಜನಾ ನಕ್ಷೆಯಲ್ಲಿ ಜಾಗ ಕೈಗಾರಿಕೆಗೆಂದಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಡಿ ಭೂಬಳಕೆ ಬದಲಾವಣೆ ಆಗಬೇಕು.

ಆಮೇಲೆ ಮಾಡು, ಅಂದರೆ ಛಾವಣಿ. ಪಕಾಸಿನ (ಹೆಂಚು ಹೊರುವ ಓರೆ ಮರದ) ತುದಿ ಗೋಡೆಯೊಳಗೆ ಹೋಗುವಲ್ಲಿ ಚೂಪು ಮೊಳೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆತವೋ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸಿಮೆಂಟ್ ಗಾರೆ ಬಳಿಯಲೇಬೇಡಿ. ಮಳೆಗಾಲದಲ್ಲಿ ಹೀರಿದ ನೀರು ಹೊರಬರಲಾಗದೆ ಕಲ್ಲೇ ಪುಡಿಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಕು. ಚಿಮಣಿ ನೆಟ್ಟಗಿದೆಯೇ ಎಂದು ಸರ್ವೆಯವರಿಂದ ಅಳೆಸಿ, ಸಿಡಿಲು ತಂತಿ ಹಾಕಿಸಿ. ಅದರ ಬುಡದಲ್ಲಿ ಮಲಗುವ ಕೋಣೆ ಬೇಡ.